ನಗೆಯ ಬಾಣಗಳು: ಕನ್ನಡ ಪತ್ರಿಕೆಗಳ ರಾಜಕೀಯ ವಿಡಂಬನೆ

ಆಳುವವರನ್ನು ಗೇಲಿ ಮಾಡುವ ಪದ್ಧತಿ ಕನ್ನಡ ನಾಡಿನಲ್ಲಿ ಪತ್ರಿಕೆಗಳಿಗಿಂತ ಹಳೆಯದು. ಯಕ್ಷಗಾನದ ಹಾಸ್ಯಗಾರರೂ ಊರೂರು ತಿರುಗುತ್ತಿದ್ದ ಹಗಲುವೇಷದವರೂ ಪುರಾಣ ಕಥೆಯ ನಡುವೆಯೇ ಪಟೇಲ, ಶಾನುಭೋಗರ ನಡೆನುಡಿಯನ್ನು ಎಳೆದು ತಂದು ಜನರನ್ನು ನಗಿಸುತ್ತಿದ್ದರು. ಆ ಮಾತು ರಂಗದ ಮೇಲೆ ಆಶುವಾಗಿ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು. ಬರೆದಿಟ್ಟವರು ವಿರಳ.

ಅಚ್ಚಿನಲ್ಲಿ ಈ ನಗೆ ನೆಲೆಯೂರುವುದು ಸುಲಭವಾಗಲಿಲ್ಲ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದು 1843ರಲ್ಲಿ. ಮೈಸೂರು ಸಂಸ್ಥಾನ 1908ರಲ್ಲಿ ಪತ್ರಿಕಾ ಕಾನೂನು ತಂದು, ಪತ್ರಿಕೆ ನಡೆಸಲು ಸರ್ಕಾರದ ಅನುಮತಿ ಬೇಕೆಂದಿತು. ಅದನ್ನು ಪ್ರತಿಭಟಿಸಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಯನ್ನೇ ನಿಲ್ಲಿಸಿದರು. ನೇರವಾದ ಟೀಕೆಗೇ ಇಷ್ಟು ಅಡ್ಡಿಯಿದ್ದಾಗ ವಿಡಂಬನೆ ಬೆಳೆಯುವುದಾದರೂ ಹೇಗೆ?

1942ರಲ್ಲಿ ಬೆಂಗಳೂರಿನಿಂದ ‘ಕೊರವಂಜಿ’ ಹೊರಬಂತು. ಒಂದೆಡೆ ಮಹಾಯುದ್ಧ, ಇನ್ನೊಂದೆಡೆ ‘ಭಾರತ ಬಿಟ್ಟು ತೊಲಗಿ’ ಚಳವಳಿ ನಡೆದಿದ್ದ ವರ್ಷ ಅದು. ನಗೆಗೇ ಮೀಸಲಾದ ಮಾಸಪತ್ರಿಕೆಯೊಂದನ್ನು ಅಂಥ ಹೊತ್ತಿನಲ್ಲಿ ಆರಂಭಿಸಿದವರು ವೈದ್ಯರಾದ ಡಾ. ಎಂ. ಶಿವರಾಂ. ‘ರಾಶಿ’ ಎಂಬುದು ಅವರ ಕಾವ್ಯನಾಮ. ರೋಗಿಗಳನ್ನು ನೋಡುತ್ತಲೇ ಅವರು 25 ವರ್ಷ, ಎಂದರೆ 1967ರವರೆಗೆ, ಪತ್ರಿಕೆಯನ್ನು ನಡೆಸಿದರು. ಮನೋವಿಜ್ಞಾನವನ್ನು ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನುಷ್ಯರ ಮನಸ್ಸನ್ನು ಬಲ್ಲ ವೈದ್ಯನ ಕಣ್ಣು ‘ಕೊರವಂಜಿ’ಯ ನಗೆಯಲ್ಲೂ ಕಾಣುತ್ತದೆ. ಅದು ವ್ಯಕ್ತಿಯನ್ನು ಹಳಿಯುವುದಕ್ಕಿಂತ ಡಂಭ, ಸೋಗು, ಅಧಿಕಾರದ ಹಪಾಹಪಿಗಳನ್ನು ಬಯಲಿಗೆಳೆಯಿತು.

ಅಲ್ಲಿ ಬರೆದವರ ಸಾಲು ದೊಡ್ಡದು. ನಾ. ಕಸ್ತೂರಿ ಮೈಸೂರಿನಲ್ಲಿ ಇತಿಹಾಸದ ಅಧ್ಯಾಪಕರು. ಮನೆಮಾತು ಮಲಯಾಳಂ, ಕನ್ನಡವನ್ನು ಕಲಿತು ಅದರಲ್ಲೇ ಹಾಸ್ಯ ಬರೆದರು. ನಿಘಂಟಿನ ವೇಷ ತೊಟ್ಟು ಒಂದೊಂದು ಪದಕ್ಕೂ ವಕ್ರ ಅರ್ಥ ಕೊಡುವ ‘ಅನರ್ಥಕೋಶ’ ಅವರದೇ. ಟಿ. ಸುನಂದಮ್ಮ ಮನೆವಾರ್ತೆಯ ಕಡೆಯಿಂದ ಲೋಕವನ್ನು ನೋಡಿ ನಗಿಸಿದರು. ಮೈಸೂರಿನ ಯುವಕ ಆರ್. ಕೆ. ಲಕ್ಷ್ಮಣ್ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಮುಂದೆ ದೇಶವೆಲ್ಲ ಬಲ್ಲ ‘ಶ್ರೀಸಾಮಾನ್ಯ’ನನ್ನು ಸೃಷ್ಟಿಸಿದ ಕೈ ಪಳಗಿದ ಜಾಗಗಳಲ್ಲಿ ‘ಕೊರವಂಜಿ’ಯೂ ಒಂದು.

ಬಳ್ಳಾರಿ ಸೀಮೆಯಿಂದ ಬಂದ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು, ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ‘ತಿಂಮ’ನನ್ನು ಹುಟ್ಟಿಸಿದರು. ದಡ್ಡನಂತೆ ಮಾತಾಡಿ ಜಾಣರ ಬಾಯಿ ಕಟ್ಟಿಸುವ ಈ ತಿಂಮ ಕನ್ನಡಿಗರ ಮನೆಮಾತಾದ. ವೈದ್ಯ, ಅಧ್ಯಾಪಕ, ಇಲಾಖೆಯ ನೌಕರ: ಇವರಲ್ಲಿ ಯಾರಿಗೂ ಹಾಸ್ಯವೊಂದೇ ಹೊಟ್ಟೆಪಾಡಾಗಿರಲಿಲ್ಲ. ಅವರ ನಿರ್ಭಿಡೆಗೆ ಇದೂ ಒಂದು ಕಾರಣ ಎನ್ನಬೇಕು.

ದಿನಪತ್ರಿಕೆಯ ವಿಡಂಬನೆಯ ಜಾಡು ಬೇರೆ. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯಲ್ಲಿ ಟಿಎಸ್‌ಆರ್ ಎಂದು ಹೆಸರಾದ ಸಂಪಾದಕ ಟಿ. ಎಸ್. ರಾಮಚಂದ್ರರಾಯರು ‘ಛೂಬಾಣ’ ಎಂಬ ಅಂಕಣ ಬರೆದರು. ಬರಪೀಡಿತ ಪ್ರದೇಶಕ್ಕೆ ಮಂತ್ರಿಗಳ ಭೇಟಿ ಎಂಬಂಥ ಪುಟ್ಟ ಸುದ್ದಿ. ಅದನ್ನು ಬುಡಮೇಲು ಮಾಡುವ ಒಂದೆರಡು ಸಾಲು. ಇಂಥ ಬರಹಕ್ಕೆ ಪುರಸಭೆಯ ಜಗಳವೂ ಒಂದೇ, ಪರದೇಶದ ದಂಗೆಯೂ ಒಂದೇ. ಆದರೆ ಓದುಗನಿಗೆ ಆ ಸುದ್ದಿ ಗೊತ್ತಿದ್ದರೆ ಮಾತ್ರ ಬಾಣ ನಾಟುತ್ತದೆ. ಇಂದು ಅವನ್ನು ಓದಲು ಆ ಕಾಲದ ರಾಜಕೀಯವನ್ನು ತಿಳಿದುಕೊಂಡೇ ಕೂರಬೇಕಾಗುತ್ತದೆ. ಮಿಕ್ಕ ಹಾಸ್ಯಬರಹಕ್ಕೆ ಸಿಕ್ಕ ಮರುಓದು ಅಂಕಣಗಳಿಗೆ ಸಿಗದಿರುವುದು ಇದರಿಂದಲೇ, ಮತ್ತು ಇದು ದೊಡ್ಡ ನಷ್ಟ. ಸರ್ಕಾರಿ ಪ್ರಕಟಣೆಗಳಲ್ಲಿ ಸಿಗದ ಜನರ ಅನುಮಾನ, ಬೇಸರಗಳು ಆ ಸಾಲುಗಳಲ್ಲಿವೆ.

1980ರಲ್ಲಿ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ಯನ್ನು ತಂದಾಗ ಧಾಟಿಯೇ ಬದಲಾಯಿತು. ಇಂಗ್ಲಿಷ್ ಅಧ್ಯಾಪಕರಾಗಿದ್ದು, ಕಥೆ, ನಾಟಕ, ಸಿನಿಮಾಗಳಲ್ಲಿ ಹೆಸರು ಮಾಡಿದ್ದ ಅವರು ಜಾಹೀರಾತಿನ ಹಂಗಿಲ್ಲದೆ, ಓದುಗರು ಕೊಟ್ಟ ಹಣದಲ್ಲೇ ವಾರಪತ್ರಿಕೆ ನಡೆಸಿದರು. ‘ಕೊರವಂಜಿ’ ಹೆಸರು ಹೇಳದೆ ಕುಟುಕುತ್ತಿದ್ದ ಕಡೆ ಲಂಕೇಶ್ ಹೆಸರು ಹಿಡಿದೇ ಬರೆದರು, ಆ ಹೆಸರನ್ನೂ ತುಂಡರಿಸಿದರು. ಮುಖ್ಯಮಂತ್ರಿ ಗುಂಡೂರಾವ್ ‘ಗುಂ’ ಆದರು, ಬಂಗಾರಪ್ಪ ‘ಬಂ’ ಆದರು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಸೋತದ್ದಕ್ಕೆ ಕಾರಣಗಳು ಹಲವು. ರೈತ ಚಳವಳಿ, ಗೋಕಾಕ್ ಚಳವಳಿಗಳು ಎಬ್ಬಿಸಿದ ಅಸಮಾಧಾನಕ್ಕೆ ದನಿಯಾದ ಪತ್ರಿಕೆಗಳಲ್ಲಿ ‘ಲಂಕೇಶ್ ಪತ್ರಿಕೆ’ಗೆ ಮುಖ್ಯ ಸ್ಥಾನವಿದೆ. 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಲಂಕೇಶ್ ಅದರ ಸಂಪಾದಕರಾಗಿದ್ದರು.

‘ಕೊರವಂಜಿ’ಯ ಮೆಲುನಗೆಯ ಹಾದಿಯೂ ಮುಚ್ಚಲಿಲ್ಲ. 1983ರಲ್ಲಿ ಅದರ ಮುಂದುವರಿಕೆಯಾಗಿ ‘ಅಪರಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಬೆಂಗಳೂರಿನಿಂದಲೇ ಹೊರಟಿತು.