ವಿಡಿಯೊ ಸಂಕೋಚನ: ಗಾತ್ರ ಮತ್ತು ಗುಣಮಟ್ಟದ ಹೊಂದಾಣಿಕೆ

ನೋಡುವವರ ಕಣ್ಣಿಗೆ ಕೊರತೆ ಕಾಣದಂತೆ ವಿಡಿಯೊ ಕಡತದ ಗಾತ್ರವನ್ನು ತಗ್ಗಿಸುವ ಕ್ರಮ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗದ ಭಾಗವನ್ನು ಮತ್ತೆ ಬರೆಯದೆ, ಬದಲಾದದ್ದನ್ನು ಮಾತ್ರ ದಾಖಲಿಸುವುದು ಇದರ ತಿರುಳು.

ಕೊಡಗಿನ ದೃಶ್ಯಗಳು ಕಷ್ಟ ಕೊಡುವುದು ಇಲ್ಲೇ. ಮುಂಗಾರಿನ ಹನಿ, ಗಾಳಿಗೆ ಅಲುಗುವ ಕಾಫಿ ತೋಟದ ಎಲೆ, ಅಬ್ಬಿ ಜಲಪಾತದ ನೊರೆ ಪ್ರತಿ ಫ್ರೇಮಿನಲ್ಲೂ ಬೇರೆಯಾಗಿರುವುದರಿಂದ ಹೆಚ್ಚು ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಬಿಟ್‌ಗಳ ಪ್ರಮಾಣ) ಬೇಡುತ್ತವೆ. ತಲಕಾವೇರಿಯ ಮಂಜು ಸುಲಭವೆನಿಸಿದರೂ ಮೋಸಗಾರ: ಸಂಕೋಚನ ಅತಿಯಾದರೆ ನವಿರಾದ ಬಿಳುಪು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, 10 ಬಿಟ್ ಎನ್‌ಕೋಡಿಂಗ್ ಇದನ್ನು ಕಡಿಮೆ ಮಾಡುತ್ತದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಂಥ ಪಂದ್ಯಗಳಲ್ಲಿ ಸೆಕೆಂಡಿಗೆ 50 ಅಥವಾ 60 ಫ್ರೇಮ್ ಇದ್ದರೆ ಚೆಂಡಿನ ಓಟ ಸ್ಪಷ್ಟ.

ಎಚ್.264 ಮಾನದಂಡದ ಎಕ್ಸ್264 ಎನ್‌ಕೋಡರಿನಲ್ಲಿ ಗುಣಮಟ್ಟವನ್ನು ನಿಯಂತ್ರಿಸುವ ಸಿಆರ್‌ಎಫ್ ಅಂಕಿ ಸಾಮಾನ್ಯವಾಗಿ 0ಯಿಂದ 51ರವರೆಗೆ ಇದ್ದು, ಪೂರ್ವನಿಗದಿ 23. ಅಂಕಿ 6 ಏರಿದರೆ ಗಾತ್ರ ಸುಮಾರು ಅರ್ಧಕ್ಕಿಳಿಯುತ್ತದೆ. ಮದುವೆ ವಿಡಿಯೊಗೆ 18–20, ಮಾತುಕತೆಗೆ 23–25 ಸಾಕು. ಗಾತ್ರ ಮೊದಲೇ ನಿಗದಿಯಾಗಿದ್ದರೆ ಬಿಟ್‌ರೇಟ್ ಲೆಕ್ಕ ಹಾಕಬೇಕು: ಸೆಕೆಂಡಿಗೆ 8 ಮೆಗಾಬಿಟ್ ವೇಗದ ಒಂದು ಗಂಟೆಯ ಚಿತ್ರಕ್ಕೆ 3.6 ಗಿಗಾಬೈಟ್, ಧ್ವನಿ ಬೇರೆ.

2013ರ ಎಚ್.265 ಮಾನದಂಡವು 2003ರ ಎಚ್.264ಕ್ಕಿಂತ ಜಾಗ ಬಹಳ ಉಳಿಸುತ್ತದೆ, ಆದರೆ ಹಳೆಯ ಟಿವಿಗಳಲ್ಲಿ ಓಡದು. ಎನ್‌ಕೋಡರಿನ ನಿಧಾನ ಪ್ರಿಸೆಟ್ (ವೇಗದ ಆಯ್ಕೆ) ಹೆಚ್ಚು ಹೊತ್ತು ತೆಗೆದುಕೊಂಡರೂ ಕಡತವನ್ನು ಇನ್ನಷ್ಟು ಕಿರಿದಾಗಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರಿನಲ್ಲಿ ಅದನ್ನು ರಾತ್ರಿಯಿಡೀ ಓಡಿಸುವುದು ಜೂಜೇ ಸರಿ. ಸಂಕುಚಿಸಿದ್ದನ್ನು ಮತ್ತೆ ಸಂಕುಚಿಸಿದಷ್ಟೂ ಚಿತ್ರ ಕೆಡುವುದರಿಂದ ಮೂಲ ಕಡತವನ್ನು ಅಳಿಸಬಾರದು.