ಸಂಶೋಧನೆ ಊರಿಗೆ ಮರಳಿದ ಬಗೆ

ಸಾರ್ವಜನಿಕ ಹಣದಲ್ಲಿ ನಡೆದ ಸಂಶೋಧನೆಯನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದುವಂತಿರಬೇಕು ಎಂಬ ನಿಯಮವನ್ನು ಮುಕ್ತ ಪ್ರವೇಶ ಎನ್ನುತ್ತಾರೆ. ಅದಕ್ಕೆ ಈ ಹೆಸರು ಬಂದದ್ದು 2002ರ ಬುಡಾಪೆಸ್ಟ್ ಘೋಷಣೆಯಿಂದ. ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವಾಗ ಈ ನಿಯಮವನ್ನೂ ಪರಿಗಣಿಸಬೇಕೆಂಬ ಮಾತು ಅದಕ್ಕಿಂತ ಈಚಿನದು. ಕರ್ನಾಟಕದಲ್ಲಿ ಇವೆರಡೂ ಜೊತೆಜೊತೆಯಾಗಿ ಬೆಳೆಯಲಿಲ್ಲ. ಸಂಶೋಧನೆಯನ್ನು ತೆರೆದಿಡುವ ಕೆಲಸ ಗ್ರಂಥಪಾಲಕರಿಂದ ಮೊದಲಾಯಿತು, ಅಳೆಯುವ ಕೆಲಸ ಆಡಳಿತದಿಂದ ಬಂತು.

ಈ ಚರಿತ್ರೆಯನ್ನು ನೋಡಲು ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇಗುಂಟನೂರಿನಂಥ ಊರು ತಕ್ಕ ಜಾಗ. ಸುತ್ತಲಿನ ನೆಲ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ವಿದ್ವಾಂಸರನ್ನು ಕರೆದಿದೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಚಿತ್ರದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಪುರಾತತ್ತ್ವಜ್ಞ ಎಂ. ಎಚ್. ಕೃಷ್ಣ ಅಗೆತ ನಡೆಸಿದರು. 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ ಎರಡನ್ನೂ ಉತ್ಖನನ ಮಾಡಿದರು. ಗದಗದ ಕಡೆಯಿಂದ ಶ್ರೀರಂಗಪಟ್ಟಣದವರೆಗೆ ಚಾಚಿರುವ ಚಿತ್ರದುರ್ಗ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಇಂದಿಗೂ ಮುಗಿಯದ ಪಾಠ. ಪಾಳೆಯಗಾರರ ಆಳ್ವಿಕೆ, ಮ್ಯಾಸಬೇಡ ಸಮುದಾಯದ ಆಚರಣೆ, ಕೆರೆಗಳ ಕಟ್ಟುವಿಕೆ ಎಲ್ಲವೂ ಅಧ್ಯಯನದ ವಸ್ತುಗಳಾಗಿವೆ. ಆದರೆ ತಮ್ಮ ನೆಲದ ಬಗ್ಗೆ ಬರೆದದ್ದನ್ನು ಇಲ್ಲಿಯ ಜನ ಎಷ್ಟರಮಟ್ಟಿಗೆ ಓದಬಲ್ಲವರಾಗಿದ್ದರು ಎಂಬುದು ಕಾಲಕಾಲಕ್ಕೆ ಬದಲಾಗಿದೆ.

ಮೈಸೂರು ಸಂಸ್ಥಾನದ ಕಾಲದಲ್ಲಿ ಸಂಶೋಧನೆಯನ್ನು ಪ್ರಕಟಿಸುವುದು ಸರ್ಕಾರದ ಕರ್ತವ್ಯವಾಗಿತ್ತು. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳು 1886ರಿಂದ 1905ರವರೆಗೆ ಹೊರಬಂದವು. ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆ ಮೀಸಲಾದದ್ದು ಹನ್ನೊಂದನೆಯ ಸಂಪುಟ. ಶಾಸನದ ಪಾಠವನ್ನು ಊರಿನ ಹೆಸರಿನೊಂದಿಗೆ, ಕಲ್ಲು ಎಲ್ಲಿ ನಿಂತಿದೆ ಎಂಬ ವಿವರದೊಂದಿಗೆ ಅಚ್ಚುಮಾಡಿದ ಆ ಕ್ರಮ ಇಂದಿನ ಅಳತೆಯಲ್ಲೂ ಮಾದರಿಯಾದದ್ದು. ಓದಿದವನು ಕಲ್ಲಿನ ಬಳಿಗೆ ಹೋಗಿ ಪಾಠವನ್ನು ತಾನೇ ಹೋಲಿಸಿ ನೋಡಬಹುದಿತ್ತು. ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು, 1894ರಲ್ಲಿ ಆರಂಭವಾದ ಭೂವಿಜ್ಞಾನ ಇಲಾಖೆಯ ದಾಖಲೆಗಳು ಇದೇ ದಾರಿಯಲ್ಲಿ ಬಂದವು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಸಂಶೋಧನೆ ನಿಧಾನವಾಗಿ ಇಲಾಖೆಗಳಿಂದ ವಿಶ್ವವಿದ್ಯಾಲಯದ ವಿಭಾಗಗಳಿಗೆ ಸರಿಯಿತು. ಪಿಎಚ್.ಡಿ. ಪದವಿ ರೂಢಿಯಾದಂತೆ ಮಹಾಪ್ರಬಂಧವೇ ಸಂಶೋಧನೆಯ ಮುಖ್ಯ ರೂಪವಾಯಿತು. ಬೆರಳಚ್ಚು ಮಾಡಿ ರಟ್ಟು ಕಟ್ಟಿಸಿದ ಕೆಲವೇ ಪ್ರತಿಗಳು ಪರೀಕ್ಷಕರಿಗೆ, ಮಾರ್ಗದರ್ಶಕರಿಗೆ, ಗ್ರಂಥಾಲಯಕ್ಕೆ ಸಲ್ಲುತ್ತಿದ್ದವು. ವಿಶ್ವವಿದ್ಯಾಲಯಗಳ ಪ್ರಕಟಣಾ ವಿಭಾಗಗಳಾದ ಪ್ರಸಾರಾಂಗಗಳು ಅವುಗಳಲ್ಲಿ ಕೆಲವನ್ನು ಪುಸ್ತಕ ಮಾಡಿದವು. ಉಳಿದವು ಗ್ರಂಥಾಲಯದ ಬೀರುಗಳಲ್ಲೇ ಉಳಿದವು. ಚಿತ್ರದುರ್ಗದ ಕಾಲೇಜುಗಳು ಮೊದಲು ಮೈಸೂರು, 1987ರ ನಂತರ ಕುವೆಂಪು, 2009ರ ನಂತರ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಬೇರೆ ವಿಶ್ವವಿದ್ಯಾಲಯಗಳಲ್ಲೂ ಸಂಶೋಧನೆ ನಡೆಯುತ್ತಿದ್ದುದರಿಂದ ಜಿಲ್ಲೆಯ ಬಗೆಗಿನ ಮಹಾಪ್ರಬಂಧಗಳು ಮೈಸೂರು, ಧಾರವಾಡ, ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟ, ಹಂಪಿಗಳಲ್ಲಿ ಚದುರಿಹೋದವು. ಒಂದು ಅಧ್ಯಾಯ ಓದಲು ಬಸ್ಸು ಹತ್ತಿ ಹೋಗಿ, ಅನುಮತಿ ಪತ್ರ ಕೊಟ್ಟು, ಗ್ರಂಥಾಲಯದಲ್ಲೇ ಕುಳಿತು ಟಿಪ್ಪಣಿ ಬರೆದುಕೊಳ್ಳಬೇಕಿತ್ತು. ಸಂಸ್ಥಾನದ ಕಾಲದ ಶಾಸನ ಸಂಪುಟಕ್ಕಿಂತ ಸ್ವಾತಂತ್ರ್ಯಾನಂತರದ ಮಹಾಪ್ರಬಂಧ ಊರಿನವರಿಗೆ ದೂರವಾದದ್ದು ಈ ಚರಿತ್ರೆಯ ನೋವಿನ ಭಾಗ.

ಬಾಗಿಲು ತೆರೆದವರು ಗ್ರಂಥಪಾಲಕರು. 2000ದಲ್ಲಿ ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಯೋಜನೆಗೆ ಕೈಹಾಕಿತು. ಭಾರತದ ಮಹಾಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಒಂದೆಡೆ ಸೇರಿಸುವುದು ಅದರ ಗುರಿ. ಭಾರತೀಯ ಭಾಷೆಗಳಲ್ಲಿ ಬರೆದ ಪ್ರಬಂಧಗಳಿಗೂ ಅದರಲ್ಲಿ ಸ್ಥಾನವಿತ್ತು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಬಿ. ರಾಜಶೇಖರ್ ಮತ್ತು ಅವರ ಸಂಗಡಿಗರು ‘ಇಪ್ರಿಂಟ್ಸ್’ ಎಂಬ ಡಿಜಿಟಲ್ ಭಂಡಾರವನ್ನು ಆರಂಭಿಸಿದರು. ಭಾರತದ ಸಂಸ್ಥೆಯೊಂದು ತನ್ನ ಅಧ್ಯಾಪಕರ ಲೇಖನಗಳಿಗಾಗಿ ತೆರೆದ ಮೊದಲ ಭಂಡಾರ ಅದು. ಅದಕ್ಕೆ ಬಳಸಿದ ತಂತ್ರಾಂಶ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ್ದು, ಉಚಿತವಾಗಿ ದೊರೆಯುತ್ತಿದ್ದದ್ದು. ಲೇಖಕರು ತಾವಾಗಿ ಲೇಖನ ಸೇರಿಸುವುದು ಅಪರೂಪವಾದ್ದರಿಂದ ಗ್ರಂಥಾಲಯದ ಸಿಬ್ಬಂದಿ ಅವನ್ನು ಕೇಳಿ ಪಡೆದು ಸೇರಿಸಬೇಕಾಗುತ್ತಿತ್ತು. ಹೆಸರು ಕೇಳದ ಈ ದುಡಿಮೆಗೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ. 2006ರ ನವೆಂಬರಿನಲ್ಲಿ ಇದೇ ಸಂಸ್ಥೆಯಲ್ಲಿ ನಡೆದ ಕಾರ್ಯಾಗಾರ, ಬೆಳೆಯುತ್ತಿರುವ ದೇಶಗಳಿಗಾಗಿ ಮುಕ್ತ ಪ್ರವೇಶದ ರಾಷ್ಟ್ರೀಯ ನೀತಿಯ ಒಂದು ಮಾದರಿಯನ್ನು ರೂಪಿಸಿತು.

ಮಹಾಪ್ರಬಂಧಗಳನ್ನು ತೆರೆದಿಡುವುದನ್ನು ಕಡ್ಡಾಯ ಮಾಡಿದ್ದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ). ಪಿಎಚ್.ಡಿ. ಕುರಿತ ಅದರ 2009ರ ನಿಯಮಾವಳಿ ಮಹಾಪ್ರಬಂಧದ ಡಿಜಿಟಲ್ ಪ್ರತಿಯನ್ನು ಸಲ್ಲಿಸಬೇಕೆಂದಿತು. ಆ ಪ್ರತಿಗಳಿಗಾಗಿ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ‘ಶೋಧಗಂಗಾ’ ಭಂಡಾರವನ್ನು ಕಟ್ಟಿತು. 2016ರ ನಿಯಮಾವಳಿ ಇನ್ನೂ ಬಿಗಿಯಾಯಿತು: ಪದವಿ ಘೋಷಿಸುವ ಮೊದಲೇ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಸೇರಬೇಕು. ವಿಶ್ವವಿದ್ಯಾಲಯಗಳು ಹಳೆಯ ಪ್ರಬಂಧಗಳನ್ನೂ ಸ್ಕ್ಯಾನ್ ಮಾಡಿಸಿ ಸೇರಿಸತೊಡಗಿದವು. ಬೀರುಗಳಲ್ಲಿದ್ದ ಪ್ರಬಂಧಗಳು ಹೋಬಳಿಯ ಶಾಲೆಯ ಮೇಷ್ಟ್ರ ಮೊಬೈಲಿಗೆ ಬಂದದ್ದು ಹೀಗೆ. ಈ ಅವಧಿಯ ಎಲ್ಲ ಆದೇಶಗಳಲ್ಲಿ ಊರಿಗೆ ನೇರವಾಗಿ ಉಪಕಾರ ಮಾಡಿದ್ದು ಇದೊಂದೇ ಎನ್ನಬಹುದು.

ಮೌಲ್ಯಮಾಪನದ ದಾರಿ ಬೇರೆಯದೇ ಆಗಿತ್ತು. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ನಿರ್ಧರಿಸುವ ನ್ಯಾಕ್ ಮತ್ತು 2015ರಲ್ಲಿ ಬಂದ ರಾಷ್ಟ್ರಮಟ್ಟದ ಎನ್‌ಐಆರ್‌ಎಫ್ ಶ್ರೇಯಾಂಕ ಸಂಶೋಧನೆಯನ್ನು ಲೇಖನಗಳ ಸಂಖ್ಯೆ ಹಾಗೂ ಉಲ್ಲೇಖಗಳ ಮೂಲಕ ಅಳೆದವು. ಗ್ರಂಥಾಲಯಕ್ಕೆ ಶೋಧಗಂಗಾ ಸದಸ್ಯತ್ವ ಇದೆಯೇ ಎಂದು ನ್ಯಾಕ್ ಕೇಳಿತಾದರೂ, ಅಧ್ಯಾಪಕರ ಲೇಖನ ಹೊರಗಿನ ಓದುಗನಿಗೆ ಸಿಗುತ್ತದೆಯೇ ಎಂಬ ಪ್ರಶ್ನೆ ಲೆಕ್ಕದ ಅಂಚಿನಲ್ಲೇ ಉಳಿಯಿತು. 2010ರ ಯುಜಿಸಿ ನಿಯಮಗಳು ಅಧ್ಯಾಪಕರ ಬಡ್ತಿಗೆ ಲೇಖನವಾರು ಅಂಕ ನಿಗದಿ ಮಾಡಿದ ಮೇಲೆ, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚುಮಾಡುವ ನಿಯತಕಾಲಿಕೆಗಳು ದೇಶದಲ್ಲೆಲ್ಲ ಹುಟ್ಟಿಕೊಂಡವು. ಅವುಗಳಲ್ಲಿ ಬಹುಪಾಲು ಮುಕ್ತ ಪ್ರವೇಶದ ಹೆಸರನ್ನೇ ಹೊತ್ತಿದ್ದವು. ಯುಜಿಸಿ 2017ರಲ್ಲಿ ಅನುಮೋದಿತ ಪಟ್ಟಿ ತಂದು, 2018ರ ಮೇ ತಿಂಗಳಲ್ಲಿ ಅದರಿಂದ 4,305 ನಿಯತಕಾಲಿಕೆಗಳನ್ನು ಕೈಬಿಟ್ಟಿತು. ಅನಂತರ ಬಂದ ‘ಕೇರ್’ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿತು. ಪ್ರಾಮಾಣಿಕವಾಗಿ ತೆರೆದಿಡುವ ಪದ್ಧತಿಗೇ ಈ ಗೊಂದಲದಿಂದ ಕೆಟ್ಟ ಹೆಸರು ಬಂದದ್ದು ಅನ್ಯಾಯ.

ಬ್ರಿಟನ್ನಿನಲ್ಲಿ ತೆರೆದಿಡುವ ಕೆಲಸ, ಅಳೆಯುವ ಕೆಲಸ ಎರಡೂ ಒಂದಾದವು. ಅಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ನಿಗದಿತ ಅವಧಿಗೊಮ್ಮೆ ಅಳೆದು, ಅದರ ಫಲಿತಾಂಶದ ಮೇಲೆ ಅನುದಾನ ಹಂಚುತ್ತಾರೆ. 2014ರಲ್ಲಿ ಪ್ರಕಟವಾಗಿ 2016ರ ಏಪ್ರಿಲ್ 1ರಿಂದ ಜಾರಿಗೆ ಬಂದ ನೀತಿಯಂತೆ, ನಿಯತಕಾಲಿಕೆಗೆ ಒಪ್ಪಿತವಾದ ಲೇಖನದ ಅಂತಿಮ ಕರಡು ಭಂಡಾರಕ್ಕೆ ಸೇರದಿದ್ದರೆ ಅದನ್ನು ಮುಂದಿನ ಮೌಲ್ಯಮಾಪನಕ್ಕೆ ಸಲ್ಲಿಸುವಂತಿರಲಿಲ್ಲ. ಸೇರಿಸಲು ಕೊಟ್ಟ ಗಡುವು ಮೂರು ತಿಂಗಳು. ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು 2014ರ ಡಿಸೆಂಬರಿನಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆ ಜಂಟಿಯಾಗಿ ಹೊರಡಿಸಿದ ನೀತಿ. ತಮ್ಮ ಹಣದಿಂದ ನಡೆದ ಸಂಶೋಧನೆಯ ಲೇಖನ ಒಪ್ಪಿತವಾದ ಎರಡು ವಾರದೊಳಗೆ ಭಂಡಾರಕ್ಕೆ ಬರಬೇಕೆಂದು ಅವು ಕೇಳಿದವು. ಆದರೆ ಆ ನೀತಿ ಅನುದಾನ ಪಡೆದವರಿಗೆ ಸೀಮಿತ. ಇತಿಹಾಸ, ಜಾನಪದ, ಕನ್ನಡ ವಿಭಾಗಗಳ ಲೇಖನಗಳು ಅದರ ವ್ಯಾಪ್ತಿಯ ಹೊರಗೇ ಉಳಿದವು.

ಕನ್ನಡ ಪ್ರಬಂಧಗಳಿಗೆ ಇನ್ನೊಂದು ತೊಡಕೂ ಇದೆ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧ ಪರದೆಯ ಮೇಲೆ ಚೆಂದವಾಗಿ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲ. ಗಣಕಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಸ್ಕ್ಯಾನ್ ಮಾಡಿದ ಪುಟಗಳು ಬರಿಯ ಚಿತ್ರಗಳು. ‘ಹಿರೇಗುಂಟನೂರು’ ಎಂದು ಕನ್ನಡದಲ್ಲಿ ಹುಡುಕಿದರೆ ಇಂಥ ಪ್ರಬಂಧದ ಒಳಗೆ ಆ ಹೆಸರು ಹತ್ತು ಕಡೆ ಇದ್ದರೂ ಉತ್ತರ ಬಾರದು. ಶೀರ್ಷಿಕೆಯನ್ನು ಊಹಿಸಿ, ಅಧ್ಯಾಯವನ್ನು ಇಳಿಸಿಕೊಂಡು, ಪುಟ ಪುಟವನ್ನೂ ಕಣ್ಣಲ್ಲೇ ನೋಡಬೇಕು. ಯೂನಿಕೋಡಿನಲ್ಲಿ ಬೆರಳಚ್ಚಾದ ಪ್ರತಿಯನ್ನೇ ಸ್ವೀಕರಿಸುವುದು ಹೊಸ ಪ್ರಬಂಧಗಳ ಮಟ್ಟಿಗೆ ಇದಕ್ಕೆ ಪರಿಹಾರ. ಹಳೆಯವಕ್ಕೆ ಪರಿವರ್ತಕ ತಂತ್ರಾಂಶ ಮತ್ತು ಕರಡು ತಿದ್ದುವ ತಾಳ್ಮೆ ಬೇಕು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟದ್ದು, ಮನಸ್ಸು ಮಾಡಿದರೆ ಕನ್ನಡದಲ್ಲಿ ಏನು ಸಾಧ್ಯ ಎಂಬುದಕ್ಕೆ ಸಾಕ್ಷಿ.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಜನವರಿ 2025ರಿಂದ ಅದು ಜಾರಿಯಲ್ಲಿದೆ. ದಾವಣಗೆರೆ ವಿಶ್ವವಿದ್ಯಾಲಯದಂಥ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಓದುವ ಹಕ್ಕು ಸಿಗುವುದು ಸಂಸ್ಥೆಯ ಸದಸ್ಯರಿಗೆ ಮಾತ್ರ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕುಳಿತವನಿಗೆ, ನಿವೃತ್ತ ಶಿಕ್ಷಕನಿಗೆ, ತನ್ನ ಹೊಲದ ಕೆಳಗಿನ ಕಲ್ಲಿನ ಬಗ್ಗೆ ತಿಳಿಯಬಯಸುವ ರೈತನಿಗೆ ಅದು ಅನ್ವಯಿಸುವುದಿಲ್ಲ. ಅವರ ಮಟ್ಟಿಗೆ ಈಗಲೂ ತೆರೆದಿರುವುದು ಶೋಧಗಂಗಾ, ಸಂಸ್ಥೆಗಳ ಭಂಡಾರಗಳು ಮತ್ತು ಹಕ್ಕುಸ್ವಾಮ್ಯ ಮುಗಿದ ಹಳೆಯ ಶಾಸನ ಸಂಪುಟಗಳು.