ಪುಷ್ಕರಿಣಿಯ ನೆರಳಿನಲ್ಲಿ ಪರಿಸರ ಪಾಠ

ಬಾದಾಮಿ ಸಮೀಪದ ಮಹಾಕೂಟದಲ್ಲಿ ಚಾಲುಕ್ಯರ ಕಾಲದ ಗುಡಿಗಳು ವಿಷ್ಣು ಪುಷ್ಕರಿಣಿಯನ್ನು, ಎಂದರೆ ಬುಗ್ಗೆಯ ನೀರಿನಿಂದ ತುಂಬುವ ದೇಗುಲದ ಕೊಳವನ್ನು, ಬಳಸಿ ನಿಂತಿದ್ದು, ನೀರಿನ ನೆಲೆಯನ್ನು ಪವಿತ್ರವೆಂದು ಬಗೆಯುವ ರೂಢಿ ಇಲ್ಲಿನ ಶಾಲೆಗಳಿಗಿಂತ ಬಹಳ ಹಳೆಯದು. ಆ ಕಾಳಜಿ ಶಾಲೆಯ ಪಾಠವಾದದ್ದು ತೀರ ಈಚೆಗೆ: 1986ರ ರಾಷ್ಟ್ರೀಯ ಶಿಕ್ಷಣ ನೀತಿ ಪರಿಸರ ಪ್ರಜ್ಞೆಗೆ ಒತ್ತುಕೊಟ್ಟಿತು, 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ಪರಿಸರ ಬೋಧನೆ ಕಡ್ಡಾಯವಾಗಬೇಕೆಂದಿತು. ಕರ್ನಾಟಕದ ಕಿರಿಯ ತರಗತಿಗಳಲ್ಲಿ ಅದು, ವಿಜ್ಞಾನ ಮತ್ತು ಸಮಾಜವನ್ನು ಒಟ್ಟಾಗಿ ಕಲಿಸುವ ‘ಪರಿಸರ ಅಧ್ಯಯನ’ವೆಂಬ ವಿಷಯವಾಯಿತು. ಮಳೆ ಕಡಿಮೆಯಿರುವ ಬಾದಾಮಿಯ ಈ ಮರಳುಗಲ್ಲಿನ ಸೀಮೆಯ ಮಕ್ಕಳಿಗೆ, ಪುಸ್ತಕದಲ್ಲಿ ಬರೆದ ಜಲಚಕ್ರದ ಚಿತ್ರಕ್ಕಿಂತ ಕಣ್ಣೆದುರಿನ ಬುಗ್ಗೆಯೇ ಹೆಚ್ಚು ಕಲಿಸಬಲ್ಲದೆಂಬುದು ನಿಸ್ಸಂದೇಹ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆ ಯೋಜನೆಯು ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು, ಅಂದರೆ ಮಕ್ಕಳ ಪರಿಸರ ಸಂಘಗಳನ್ನು, ಕಟ್ಟಿಸಿ, ಗಿಡ ನೆಡುವುದನ್ನೂ ನೀರು ಉಳಿಸುವುದನ್ನೂ ಅವರ ಕೈಗೆ ಒಪ್ಪಿಸಿತು.